ತಂದೆಯ ಸಹಿ ಎಂಬ ರೂಲ್ಸು

ಪೇಟ್ರಿಯಾರ್ಕಿ ಎಂಬ ಇಂಗ್ಲಿಷ್ ಮಾತನ್ನು ನಾನು ಮೊದಲ ಸಲ ಓದಿದಾಗ ನನಗೆ ಅರವತ್ತು ತುಂಬಿತ್ತು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಪೇಟ್ರಿಯಾರ್ಕ್ ಮಾತ್ರ. ಕಾನ್ವೆಂಟಿನ ಸ್ಕ್ರಿಪ್ಚರ್ ಕ್ಲಾಸಿನ ಬೈಬಲ್ ಕತೆಗಳಲ್ಲಿ ಬರುತ್ತಿದ್ದ, ಉದ್ದ ಗಡ್ಡದ, ನೂರಾರು ಕುರಿಗಳ, ಯಾರ ಮಾತನ್ನೂ ಕೇಳದ ಮುದುಕರು. ಅವರ ಹೆಸರುಗಳನ್ನು ನಾವು ಹುಡುಗಿಯರು ಸಾಲಾಗಿ ಬೈಹಾರ್ಟ್ ಮಾಡುತ್ತಿದ್ದೆವು. ಅವರ ಹೆಂಡತಿಯರ ಹೆಸರನ್ನು ಪರೀಕ್ಷೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾವೂ ಕಲಿಯಲಿಲ್ಲ.

ನಾನು ಟೀಚರ್ ಅಲ್ಲ. ಕಂಟೋನ್ಮೆಂಟಿನ ಒಂದು ಹುಡುಗಿಯರ ಶಾಲೆಯ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಅಡ್ಮಿಷನ್ ಫಾರಂ, ಪ್ರೋಗ್ರೆಸ್ ಕಾರ್ಡು, ಟಿ.ಸಿ., ಇವೇ ನನ್ನ ಪ್ರಪಂಚ. ಆದರೂ ಆ ಕಾಂಪೌಂಡಿನೊಳಗೆ ಸೀರೆ ಉಟ್ಟವರೆಲ್ಲ ಮಿಸ್, ಹಾಗಾಗಿ ನಾನೂ ಮಿಸ್. ಗಂಡ ಸತ್ತು, ಮಗಳನ್ನು ದೊಡ್ಡವಳನ್ನಾಗಿ ಮಾಡಿ, ರಿಟೈರ್ ಆಗಿ ಕುಕ್ ಟೌನಿನ ನಮ್ಮ ಹಳೆಯ ಮನೆಯಲ್ಲಿ ಕ್ರೋಶೆ ಹಾಕಿಕೊಂಡು ಕೂತಿದ್ದೆ. ಎರಡು ಸಾವಿರದ ಇಸವಿಯ ಹೊತ್ತಿಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಪ್ಯಾಂಫ್ಲೆಟ್ ಹಿಡಿದುಕೊಂಡು ಬಂದಳು. ಮನೆಗೆಲಸದ ಹೆಂಗಸರದ್ದೊಂದು ಸಂಘ ಕಟ್ಟಿದ್ದಳು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ಸೇರುತ್ತಿದ್ದರು.

"ಮಿಸ್, ಇದು ದೆಹಲಿಯಿಂದ ಬಂದಿದೆ, ಇಂಗ್ಲಿಷ್‌ನಲ್ಲಿದೆ. ನಿಮಗೆ ಎರಡೂ ಬರುತ್ತಲ್ಲ, ಕನ್ನಡ ಮಾಡ್ಕೊಡಿ ಪ್ಲೀಸ್."

ಎರಡೂ ಬರುತ್ತಿತ್ತು ಎನ್ನುವುದು ಪೂರ್ತಿ ನಿಜವಲ್ಲ. ನನ್ನ ಕನ್ನಡ ಅಡುಗೆಮನೆಯಲ್ಲಿ ಅಮ್ಮನಿಂದ ಕಲಿತದ್ದು. ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದರು. ಆದರೂ ನಿಘಂಟು ತೆರೆದು ಕೂತೆ. ಆ ನಾಲ್ಕು ಪುಟಗಳಲ್ಲಿ ಪೇಟ್ರಿಯಾರ್ಕಿ ಎಂಬ ಮಾತು ಹನ್ನೊಂದು ಸಲ ಬಂದಿತ್ತು. ಹುಡುಕಿ ಹುಡುಕಿ 'ಪಿತೃಪ್ರಧಾನ ವ್ಯವಸ್ಥೆ' ಎಂದು ಬರೆದೆ. ಬರೆದ ಮೇಲೆ ಜೋರಾಗಿ ಓದಿಕೊಂಡೆ. ಎಷ್ಟು ಗಾಂಭೀರ್ಯ! ನನ್ನ ಕೈಯಿಂದ ಇಂಥ ಕನ್ನಡ ಬಂತೇ ಎಂದು ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಭಾನುವಾರ ಅದನ್ನು ಓದಲು ಹೋದೆ. ಚಾಪೆಯ ಮೇಲೆ ಹದಿನೈದಿಪ್ಪತ್ತು ಹೆಂಗಸರು. ಹಲಸೂರಿನ ತಮಿಳು ಮಾತಾಡುವವರು, ಮಿಕ್ಕಂತೆ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕೆ.ಆರ್. ಪುರಂ ಹತ್ತಿರ ಶೀಟಿನ ಮನೆಗಳಲ್ಲಿ ಬಾಡಿಗೆಗಿದ್ದವರು. ನಾನು ಕನ್ನಡಕ ಏರಿಸಿಕೊಂಡು ಓದಿದೆ. ಹನ್ನೊಂದೂ ಸಲ ಆ ಮಾತನ್ನು ಒತ್ತಿ ಹೇಳಿದೆ. ಮುಗಿಸಿದಾಗ ಹಲಸೂರಿನವಳೊಬ್ಬಳು ಪಕ್ಕದವಳ ಕಿವಿಯಲ್ಲಿ, "ವ್ಯವಸ್ಥೆ ಅಂದ್ರೆ ಊಟದ್ದಾ?" ಅಂದಳು. ನಗು ಹರಡಿತು. ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು.

ಆಗ ಗೋಡೆಗೆ ಒರಗಿ ಕೂತಿದ್ದ ಒಬ್ಬಳು ಕೈ ಎತ್ತಿದಳು. ರಾಯಚೂರಿನ ಕಡೆಯವಳು, ಮೂವತ್ತೈದು ಇರಬಹುದು. ಇಂದಿರಾನಗರದಲ್ಲಿ ಬೆಳಿಗ್ಗೆ ಒಂದು ಆಫೀಸು ಒರೆಸಿ, ಆಮೇಲೆ ಎರಡು ಮನೆಯ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕೋರ, ಒಂದು ಮಾತು ಕೇಳ್ಲೇನ್ರಿ? ಈ ವ್ಯವಸ್ಥಾ ಅಂತೀರಲ್ಲ, ಇದು ಎಲ್ಲಿ ಕುಂತಿರ್ತದ?"

"ಎಲ್ಲ ಕಡೆ ಇದೆಯಮ್ಮಾ," ಎಂದೆ. ಪ್ಯಾಂಫ್ಲೆಟ್ಟಿನಲ್ಲೂ ಹಾಗೇ ಇತ್ತು.

"ಎಲ್ಲಾ ಕಡಿ ಇರೋದು ದೇವ್ರು ರೀ. ನಾ ಕೇಳಿದ್ದು, ನನ್ನ ಮಗಳ ಅರ್ಜಿ ಯಾವ ಟೇಬಲ್ ಮ್ಯಾಲ ನಿಂತದ ಅಂತ."

ಅವಳ ಕತೆ ಆಗ ಹೊರಬಂತು. ಮಗಳು ಏಳನೇ ಕ್ಲಾಸು ಪಾಸಾಗಿದ್ದಳು. ಕೆ.ಆರ್. ಪುರಂ ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟಕ್ಕೆ ಸೇರಿಸಲು ಇವಳು ಎರಡು ಸಲ ಹೋಗಿದ್ದಳು. ಎರಡು ಸಲವೂ ಫಾರಂ ವಾಪಸು. ತಂದೆಯ ಸಹಿ ಬೇಕಂತೆ. ತಂದೆ ಊರಿನಲ್ಲಿದ್ದ. ಎರಡು ವರ್ಷದ ಹಿಂದೆ ಇವಳನ್ನೂ ಮಗಳನ್ನೂ ಇಲ್ಲೇ ಬಿಟ್ಟು ಹೋಗಿದ್ದವನು ಈಗ ಮಗಳನ್ನು ತನ್ನ ಅಕ್ಕನ ಮಗನಿಗೆ ಕೊಡುವುದೆಂದು ಮಾತಾಡಿ ಮುಗಿಸಿದ್ದ. ಹುಡುಗಿಗೆ ಹದಿಮೂರು. ಸಹಿಗೆಂದು ಫಾರಂ ಕಳಿಸಿದರೆ ಅವನು ಸಹಿ ಹಾಕುವುದಿಲ್ಲ, ಬಸ್ಸು ಹತ್ತಿ ಬರುತ್ತಾನೆ. ಅಡ್ಮಿಷನ್‌ಗೆ ಬರುವ ಶನಿವಾರ ಕೊನೆಯ ದಿನ.

"ಸಾಲಿಗಿ ಸೇರಿದ್ರ ಹುಡುಗಿ ಉಳೀತಾಳ್ರಿ. ಇಲ್ಲಾಂದ್ರ ಮನ್ಯಾಗ ಖಾಲಿ ಕುಂತಾಳ ಅಂತ ಎತ್ತಿಕೊಂಡು ಹೋಗ್ತಾರ."

ನಾನು ಯೋಚಿಸಲೇ ಇಲ್ಲ. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಇಪ್ಪತ್ತೆಂಟು ವರ್ಷ ಹೇಳಿ ರೂಢಿಯಾದ ಉತ್ತರ.

"ಅಷ್ಟೇನಾ? ಗಂಡನ ಅಣ್ಣನೋ ತಮ್ಮನೋ ಊರಲ್ಲಿ ಯಾರಾದ್ರೂ ಇರ್ತಾರಲ್ಲ. ಅವರ ಕೈಲಿ ಹಾಕಿಸಿಬಿಡು."

ಅವಳು ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ಅಂದ್ರ ಅಕ್ಕೋರ, ಕಳ್ಳ ಬರ್ತಾನ ಅಂತ ಕೀಲಿ ಒಯ್ದು ಕಳ್ಳನ ಅಣ್ಣನ ಕೈಯಾಗ ಕೊಡು ಅಂತೀರೇನು?"

ಈ ಸಲ ಯಾರೂ ನಗಲಿಲ್ಲ.

ಅವಳಿಗೆ ಗೊತ್ತಿರಲಿಲ್ಲ, ನಾನು ಕೊಟ್ಟದ್ದು ಕೆಟ್ಟ ಸಲಹೆ ಮಾತ್ರವಲ್ಲ, ನನ್ನ ಬದುಕಿನ ಅಭ್ಯಾಸ. ನನ್ನ ಗಂಡ ಹೋದಾಗ ಮಗಳಿಗೆ ಆರು ವರ್ಷ. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲೇ ಅವಳು ಓದುತ್ತಿದ್ದಳು. ಪ್ರೋಗ್ರೆಸ್ ಕಾರ್ಡು ಬಂದಾಗಲೆಲ್ಲ ಅದನ್ನು ಹಿಡಿದುಕೊಂಡು, ಮಗಳ ಕೈ ಹಿಡಿದುಕೊಂಡು, ಬೆನ್ಸನ್ ಟೌನಿನ ನಮ್ಮ ಭಾವನ, ಅಂದರೆ ಗಂಡನ ಅಣ್ಣನ, ಮನೆಗೆ ನಡೆಯುತ್ತಿದ್ದೆ. ಭಾವ ಕೆಟ್ಟವರಲ್ಲ. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಮಗುವನ್ನು ಎದುರಿಗೆ ನಿಲ್ಲಿಸಿ, "ಅರಿತ್‌ಮೆಟಿಕ್‌ನಲ್ಲಿ ಯಾಕೆ ಕಮ್ಮಿ?" ಎಂದು ಕೇಳಿ, ಬಿಸ್ಕತ್ತು ಕೊಟ್ಟು, ಪೆನ್ನಿನ ಕ್ಯಾಪ್ ತೆಗೆದು ಸಹಿ ಹಾಕುತ್ತಿದ್ದರು. ಅರಿತ್‌ಮೆಟಿಕ್ ರಾತ್ರಿಯೆಲ್ಲ ಹೇಳಿಕೊಟ್ಟವಳು ನಾನು. ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದವಳು ನಾನು. ಆ ಕಾರ್ಡನ್ನು ಮರುದಿನ ಆಫೀಸಿನಲ್ಲಿ 'ರಿಸೀವ್ಡ್' ಎಂದು ತೆಗೆದುಕೊಳ್ಳುತ್ತಿದ್ದವಳೂ ನಾನೇ. ಒಂದೇ ಒಂದು ದಿನ ಆ ಗೆರೆಯ ಮೇಲೆ ನಾನೇ ಸಹಿ ಹಾಕಬಹುದೇ ಎಂದು ನನಗೆ ಹೊಳೆಯಲಿಲ್ಲ. ರೂಲ್ಸ್ ಎಲ್ಲರಿಗೂ ಒಂದೇ ಇರಬೇಕಲ್ಲ, ಆಫೀಸಿನವಳೇ ಮುರಿದರೆ ಹೇಗೆ ಎಂಬ ಜಂಬ ಬೇರೆ. ಎಷ್ಟೋ ವರ್ಷದ ಮೇಲೆ ಮಗಳು ಹೇಳಿದಳು: "ಮಮ್ಮಿ, ಆರನೇ ಕ್ಲಾಸಿಂದ ದೊಡ್ಡಪ್ಪನ ಸೈನು ನನಗೇ ಬರ್ತಿತ್ತು. ನೀನು ಪಾಪ ನಡ್ಕೊಂಡ್ ಹೋಗೋದು ನೋಡಿ ಹೇಳೋಕೆ ಮನಸ್ಸಾಗಲಿಲ್ಲ."

ಇಷ್ಟೇ ಆಗಿದ್ದರೆ ನನ್ನ ಪಾಡು ನನಗೆ ಎನ್ನಬಹುದಿತ್ತು. ಆದರೆ ನನ್ನ ಟೇಬಲ್ಲಿನ ಮೇಲೆ ಎರಡು ಟ್ರೇ ಇದ್ದವು. ತಂದೆಯ ಸಹಿ ಇದ್ದ ಫಾರಂಗಳು ಬಲಗಡೆ. ತಾಯಿಯ ಸಹಿ ಇದ್ದವು ಎಡಗಡೆ, ವಾಪಸು ಕಳಿಸಲು. ಪ್ರತಿಯೊಂದರ ಮೇಲೂ ಕೈಯಿಂದ ಬರೆದು ಬರೆದು ಸುಸ್ತಾಗಿ, ತೊಂಬತ್ತರ ಶುರುವಿನಲ್ಲಿ ಒಮ್ಮೆ ಶಿವಾಜಿನಗರಕ್ಕೆ ಹೋಗಿ 'ಫಾದರ್ ಟು ಸೈನ್' ಎಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಯಾರೂ ಮಾಡಿಸು ಎಂದಿರಲಿಲ್ಲ. ಸ್ಟ್ಯಾಂಪ್ ಮಾಡುವ ಸಾಹೇಬರು ಕೇಳಿದ್ದರು, "ಫಾದರ್ದು ಒಂದೇ ಸಾಕಾ ಮೇಡಂ? ಮದರ್ದೂ ಮಾಡ್ಕೊಡ್ತೀನಿ, ಜೋಡಿ ಇರ್ಲಿ." ಬೇಡ, ಅದರ ಉಪಯೋಗ ಇಲ್ಲ ಎಂದು ಹೇಳಿ ಬಂದೆ.

ಆ ಸ್ಟ್ಯಾಂಪು ಬಿದ್ದ ಫಾರಂಗಳಲ್ಲಿ ಒಂದು ನನ್ನನ್ನು ಇವತ್ತಿಗೂ ಬಿಡುವುದಿಲ್ಲ. ಫ್ರೇಜರ್ ಟೌನಿನ ಒಬ್ಬ ತಾಯಿ, ಬುರ್ಖಾ ಹಾಕಿದ್ದರು. ಗಂಡ ಗಲ್ಫಿನಲ್ಲಿ. "ಮಿಸ್, ಮಗೂನ ಹೆತ್ತಿದ್ದು ನಾನು. ಅವ್ರು ಇನ್ನೂ ಅದನ್ನ ನೋಡಿರೋದು ಫೋಟೋದಲ್ಲಿ," ಎಂದರು. ನಾನು ಕಿಟಕಿಯೊಳಗಿಂದ ಫಾರಂ ತಳ್ಳಿ, "ರೂಲ್ಸ್ ಅಮ್ಮಾ," ಎಂದೆ. ಫಾರಂ ಅಂಚೆಯಲ್ಲಿ ಸಮುದ್ರ ದಾಟಿ ಹೋಗಿ ಬರುವಷ್ಟರಲ್ಲಿ ಸೀಟು ಬೇರೆಯವರಿಗೆ ಹೋಗಿತ್ತು. ಅವರು ಜಗಳ ಆಡಲಿಲ್ಲ. ಥ್ಯಾಂಕ್ಯೂ ಮಿಸ್ ಎಂದು ಹೇಳಿ ಹೋದರು. ಆ ಥ್ಯಾಂಕ್ಯೂ ನನಗೆ ಈಗ ಕೇಳಿಸುವ ಹಾಗೆ ಆಗ ಕೇಳಿಸಲಿಲ್ಲ.

ಆ ಭಾನುವಾರ ಮನೆಗೆ ಬಂದು ನಮ್ಮ ಶಾಲೆಯ ಹಳೆಯ ಅಡ್ಮಿಷನ್ ಫಾರಂ ಒಂದನ್ನು ಹುಡುಕಿ ತೆಗೆದೆ. ಮಗಳದ್ದೇ. ಸಾವಿರಾರು ಸಲ ನೋಡಿದ್ದ ಗೆರೆಯನ್ನು ಮೊದಲ ಸಲ ಓದಿದೆ. 'ಸಿಗ್ನೇಚರ್ ಆಫ್ ಪೇರೆಂಟ್ ಆರ್ ಗಾರ್ಡಿಯನ್.' ಫಾದರ್ ಎಂಬ ಮಾತು ಆ ಗೆರೆಯಲ್ಲಿ ಇರಲೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಕ್ಲರ್ಕ್ ಹೇಳಿದ್ದರು, ಅವರಿಗೆ ಇನ್ಯಾರೋ ಹೇಳಿದ್ದರು. ಯಾವ ಮದರ್ ಸುಪೀರಿಯರೂ ಕೇಳಿರಲಿಲ್ಲ, ಯಾವ ಸರ್ಕ್ಯುಲರೂ ಬಂದಿರಲಿಲ್ಲ. ಹನ್ನೊಂದು ಸಲ ಬರೆದು ಹೆಮ್ಮೆಪಟ್ಟಿದ್ದ ಆ ದೊಡ್ಡ ಮಾತು ಎಲ್ಲಿ ಕೂತಿರುತ್ತದೆ ಎಂದು ಅವಳು ಕೇಳಿದ್ದಳಲ್ಲ. ನನ್ನ ಕುರ್ಚಿಯಲ್ಲಿ, ನನ್ನದೇ ಸೀರೆ ಉಟ್ಟುಕೊಂಡು, ಇಪ್ಪತ್ತೆಂಟು ವರ್ಷ ಕೂತಿತ್ತು. ತಿಂಗಳಾ ತಿಂಗಳಾ ಸಂಬಳವನ್ನೂ ತೆಗೆದುಕೊಂಡಿತ್ತು.

ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟೇ ಒಳ್ಳೆಯದು, ನಾಚಿಕೆ ಮನುಷ್ಯರನ್ನು ಮನೆಯಲ್ಲಿ ಕೂರಿಸುತ್ತದೆ.

ಶಾಲೆಗೆ ನಾನೂ ಜೊತೆಗೆ ಬರುತ್ತೇನೆ ಎಂದು ಅವಳಿಗೆ ಹೇಳಿಕಳಿಸಿದೆ. ಶುಕ್ರವಾರ ಅವಳು ಒಂದು ಮನೆಯ ಕೆಲಸಕ್ಕೆ ರಜೆ ಹೇಳಿ ಬಂದಳು. ಮಗಳನ್ನೂ ಕರೆದುಕೊಂಡು ಹಲಸೂರಿನಿಂದ ಬಸ್ಸಿನಲ್ಲಿ ಆ ಹೈಸ್ಕೂಲಿಗೆ ಹೋದೆವು. ಹುಡುಗಿ ಎರಡು ಜಡೆ ಬಿಗಿಯಾಗಿ ಹೆಣೆದು, ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಯಾರೋ ಒಬ್ಬ ಒರಟು ಗುಮಾಸ್ತ ಇರುತ್ತಾನೆ, ಅವನಿಗೆ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು.

ಆಫೀಸಿನ ಬಾಗಿಲಲ್ಲಿ ನಿಂತದ್ದೇ ಒಳಗಿನಿಂದ ಒಬ್ಬಳು ಎದ್ದು ನಿಂತಳು. "ಅಯ್ಯೋ, ಮಿಸ್! ಗುಡ್ ಮಾರ್ನಿಂಗ್ ಮಿಸ್! ನೀವಾ?"

ನನ್ನ ಕೈಕೆಳಗೆ ನಾಲ್ಕು ವರ್ಷ ಜೂನಿಯರ್ ಆಗಿ ಕೆಲಸ ಮಾಡಿದ್ದ ಹುಡುಗಿ. ಫೈಲು ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ನಾನೇ ಕಲಿಸಿದ್ದೆ. ನನಗೆ ಕುರ್ಚಿ ಒರೆಸಿ ಹಾಕಿದಳು, ಟೀ ತರಿಸಿದಳು. ನನ್ನ ಜೊತೆ ಬಂದಿದ್ದವಳು ಬಾಗಿಲ ಹತ್ತಿರ ನಿಂತೇ ಇದ್ದಳು. ನಾನು ಟೀ ಮುಟ್ಟದೆ ಫಾರಂ ಮುಂದಿಟ್ಟೆ.

"ಇದಾ ಮಿಸ್? ಇದು ಎರಡು ಸಲ ಬಂದಿತ್ತು. ತಂದೆ ಸೈನ್ ಇಲ್ಲ, ಹೆಂಗ್ ತಗೊಳ್ಳಿ?"

"ಯಾಕೆ ತಗೋಬಾರದು?"

"ರೂಲ್ಸ್ ಮಿಸ್."

"ಯಾವ ರೂಲ್ಸು? ತೋರಿಸು."

ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. "ಏನ್ ಮಿಸ್, ನೀವೇ ಕೇಳ್ತಿದೀರಾ? ನೀವೇ ಹೇಳ್ಕೊಟ್ಟಿದ್ದಲ್ವಾ? ಬಲಗಡೆ ಟ್ರೇ, ಎಡಗಡೆ ಟ್ರೇ. ನೋಡಿ, ಇಲ್ಲೂ ಹಂಗೇ ಇಟ್ಕೊಂಡಿದೀನಿ."

ನೋಡಿದೆ. ಹಾಗೆಯೇ ಇತ್ತು. ಎಡಗಡೆಯ ಟ್ರೇಯಲ್ಲಿ ಏಳೆಂಟು ಫಾರಂ. ಅಷ್ಟು ಅಚ್ಚುಕಟ್ಟು! ನನ್ನ ಶಿಷ್ಯೆಯೇ ಸರಿ.

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿದ್ದುಹೋಯಿತು. ಬಾಗಿಲಿನ ಹತ್ತಿರ ನಿಂತವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ನಾನು ತಪ್ಪು ಹೇಳ್ಕೊಟ್ಟೆ ಕಣಮ್ಮಾ," ಎಂದೆ.

"ತಪ್ಪಾ? ಅಷ್ಟು ವರ್ಷನಾ ಮಿಸ್?"

"ಅಷ್ಟೂ ವರ್ಷ. ಫಾರಂ ಓದು, ಜೋರಾಗಿ ಓದು."

ಅವಳು ಓದಿದಳು. "ತಂದೆ, ಓರೆಗೆರೆ, ತಾಯಿ, ಓರೆಗೆರೆ, ಪೋಷಕರ ಸಹಿ." ಓದಿ ಮುಗಿಸಿ ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆದರೆ ಕೈ ಫಾರಂ ಮೇಲಿನಿಂದ ಎತ್ತಲಿಲ್ಲ. "ಇದೆ ಮಿಸ್, ಒಪ್ಕೋತೀನಿ. ಆದ್ರೆ ನಾಳೆ ಇವಳಪ್ಪ ಬಂದು ಗಲಾಟೆ ಮಾಡಿದ್ರೆ? ನನ್ ಕುತ್ತಿಗೆಗೆ ಬರುತ್ತೆ. ನೀವು ಹೋಗ್ತೀರಾ, ನಾನಿಲ್ಲಿ ಕೂತಿರ್ಬೇಕು."

ಆ ಹೆದರಿಕೆ ಸುಳ್ಳಲ್ಲ. ನಾನು ಕೂಡ ರೂಲ್ಸ್ ಎಂದು ಕರೆಯುತ್ತಿದ್ದುದು ಬಹುಶಃ ಇದನ್ನೇ.

ಹೆಡ್ ಮಾಸ್ಟರನ್ನು ಕರೆಸಿದಳು. ವಯಸ್ಸಾದವರು, ಮೃದುವಾದ ಮಾತು. ಎಲ್ಲ ಕೇಳಿ, "ನೋಡೀಮ್ಮಾ, ಇದು ಹಿಂದಿನಿಂದ ನಡ್ಕೊಂಡ್ ಬಂದಿರೋ ಪದ್ಧತಿ," ಎಂದರು.

"ಹಿಂದಿನಿಂದ ಅಂದ್ರೆ ಯಾರಿಂದ ಸರ್?"

"ನನಗಿಂತ ಮುಂಚೆ ಇದ್ದವರಿಂದ."

"ಅವರಿಗೆ ಯಾರು ಹೇಳಿದ್ರು?"

"ಅವರಿಗಿಂತ ಮುಂಚೆ ಇದ್ದವರು ಹೇಳಿರ್ತಾರೆ. ಇದೆಲ್ಲ ಯಾಕೆ? ಇವರ ಯಜಮಾನ್ರನ್ನ ಒಂದ್ಸಲ ಕರೆಸಿ, ಮುಗೀತು."

ನನಗೆ ಆಗ ಹೊಳೆದದ್ದು ಆಫೀಸಿನ ಬುದ್ಧಿ. ಅದು ಕೆಟ್ಟ ಬುದ್ಧಿಯೇ ಇರಬಹುದು, ಆವತ್ತು ಕೆಲಸಕ್ಕೆ ಬಂತು. ಫಾರಂ ತಿರುಗಿಸಿ ಅವರ ಮುಂದಿಟ್ಟು ಹೇಳಿದೆ: "ಸರಿ ಸರ್. ಹಾಗಾದ್ರೆ ಇದರ ಹಿಂದೆ ಬರೆದುಕೊಡಿ. ತಾಯಿ ಸಹಿ ಹಾಕಿರುವುದರಿಂದ ಈ ಮಗುವಿಗೆ ಅಡ್ಮಿಷನ್ ನಿರಾಕರಿಸಲಾಗಿದೆ ಅಂತ. ಕೆಳಗೆ ನಿಮ್ಮ ಸಹಿ, ಸೀಲು, ತಾರೀಖು. ಅದನ್ನ ತಗೊಂಡು ನಾನು ಎಜುಕೇಷನ್ ಡಿಪಾರ್ಟ್‌ಮೆಂಟಿಗೆ ಹೋಗ್ತೀನಿ."

ಅವರು ಪೆನ್ನಿನ ಕ್ಯಾಪ್ ತೆಗೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. "ಬರೆದು ಗಿರೆದು ಯಾಕಮ್ಮಾ. ಬಾಯಲ್ಲಿ ಹೇಳಿದ್ದೀವಲ್ಲ."

"ಬಾಯಲ್ಲಿ ಹೇಳೋದು ಇಪ್ಪತ್ತೆಂಟು ವರ್ಷ ನಾನೂ ಹೇಳಿದ್ದೀನಿ ಸರ್. ಬರೆಯಿರಿ. ಅಲ್ಲೀವರೆಗೆ ನಾನು ಈ ಕುರ್ಚಿ ಬಿಟ್ಟು ಏಳಲ್ಲ. ಬೇಕಾದ್ರೆ ನಾಳೆನೂ ಇಲ್ಲೇ ಇರ್ತೀನಿ."

ತಂದೆಯ ಸಹಿ ಇಲ್ಲದೆ ಆಗುವುದೇ ಇಲ್ಲ ಎಂದವರು ಯಾರೂ ತಮ್ಮ ಸಹಿ ಹಾಕಲು ತಯಾರಿರಲಿಲ್ಲ. ಹೆಡ್ ಮಾಸ್ಟರು ಕ್ಲರ್ಕನ್ನು ನೋಡಿದರು, ಕ್ಲರ್ಕು ಟ್ರೇ ನೋಡಿದಳು. ಕೊನೆಗೆ ಅವರು, "ತಗೊಳ್ರಮ್ಮಾ ಅತ್ಲಾಗೆ. ಫಾರಂನಲ್ಲೇ ಇದೆ ಅಂದ್ಮೇಲೆ ನಮ್ದೇನು," ಎಂದು ಎದ್ದು ಹೋದರು.

ಬಾಗಿಲ ಹತ್ತಿರ ನಿಂತಿದ್ದವಳು ಒಳಗೆ ಬಂದಳು. ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟೆ. ಹಿಂದಿನ ಎರಡು ಸಹಿಯೂ ಅಲ್ಲೇ ಇದ್ದವು, ಒಂದರ ಮೇಲೆ ಅಡ್ಡಗೆರೆ ಎಳೆದಿದ್ದರು. ಅವಳು ಅದರ ಕೆಳಗೆ ಮೂರನೆಯದನ್ನು ಹಾಕಿದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಕೈ, ಅಕ್ಷರಕ್ಕೊಂದು ಉಸಿರು.

ಕ್ಲರ್ಕು ಮೆಲ್ಲಗೆ, "ತಂದೆ ಹೆಸರಿನ ಕಾಲಂ ಖಾಲಿ ಬಿಡೋ ಹಾಗಿಲ್ಲಮ್ಮಾ," ಎಂದಳು.

"ಯಾಕ ಬಿಡಬೇಕ್ರಿ? ಹುಟ್ಟಿಸ್ಯಾನಲ್ಲ, ಬರ್ಕೊಳ್ರಿ. ಹೆಸರಿಗಿ ನಂದೇನು ತಕರಾರಿಲ್ಲ. ಸಹಿ ಮಾತ್ರ ನಂದು."

ಹೊರಗೆ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ನಾನು ಅವಳ ಕ್ಷಮೆ ಕೇಳಿದೆ. ಅವಳು ನನ್ನನ್ನು ಸುಲಭವಾಗಿ ಬಿಡಲಿಲ್ಲ. "ನಿಮ್ಮ ಟೇಬಲಿನ್ಯಾಗ ನನ್ನಂಥಾಕಿ ಎಷ್ಟು ಮಂದಿ ಬಂದು ಹೋಗ್ಯಾರೋ ಅಕ್ಕೋರ, ಅವ್ರಿಗಿ ಯಾರ ಹೇಳ್ಬೇಕು?" ಎಂದಳು. ಮಗಳು ಅವಳ ಸೆರಗು ಜಗ್ಗಿದಳು. ಜಗ್ಗುವುದು ಬೇಡ, ಕೇಳಲಿ ಎಂದೆ. ಆಮೇಲಿನ ವಾರ ಪ್ಯಾಂಫ್ಲೆಟ್ಟನ್ನು ಮತ್ತೆ ಬರೆದೆ. ಆ ದೊಡ್ಡ ಮಾತನ್ನು ತೆಗೆಯಲಿಲ್ಲ. ಬಡವರಿಗೆ ದೊಡ್ಡ ಮಾತು ಬೇಡ ಎಂದು ತೀರ್ಮಾನಿಸಲು ನಾನು ಯಾರು? ಆದರೆ ಒಂದೇ ಸಲ ಬರೆದು, ಅದರ ಕೆಳಗೆ ಶಾಲೆಯ ಆಫೀಸಿನಲ್ಲಿ ನಾನು ಮಾಡಿದ್ದನ್ನು ನಾನು ಎಂದೇ ಬರೆದೆ. ಸಂಘ ಕಟ್ಟಿದ್ದವಳು, "ಮಿಸ್, ಇದು ಟ್ರಾನ್ಸ್‌ಲೇಷನ್ ಅಲ್ಲ," ಎಂದಳು. ಅಲ್ಲ, ಹಾಗೇ ಅಚ್ಚು ಮಾಡಿಸು ಎಂದೆ.

ದಸರಾ ರಜೆಗೆ ಎರಡು ದಿನ ಮುಂಚೆ ಕ್ಲರ್ಕಿನ ಫೋನು ಬಂತು. ಹುಡುಗಿಯ ಅಪ್ಪ ಶಾಲೆಗೆ ಬಂದಿದ್ದನಂತೆ, ಜೊತೆಗೆ ಅಕ್ಕನ ಮಗನೂ. ಟಿ.ಸಿ. ಕೊಡಿ, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಕೌಂಟರಿನ ಮೇಲೆ ಕೈ ಬಡಿದನಂತೆ. ಹೆಡ್ ಮಾಸ್ಟರು ಮೀಟಿಂಗಿಗೆ ಹೋಗಿದ್ದರು.

"ನೀನೇನು ಹೇಳಿದೆ?"

"ಅಡ್ಮಿಷನ್ ಮಾಡ್ಸಿದ್ದು ತಾಯಿ. ಅವರು ಬಂದು ಬರೆದುಕೊಟ್ರೆ ಟಿ.ಸಿ. ಕೊಡ್ತೀನಿ, ಇಲ್ಲಾಂದ್ರೆ ಇಲ್ಲ ಅಂದೆ. ನಾನೇ ತಂದೆ ಕಣ್ರೀ ಅಂದ. ಹೆಸರು ಇದೆ ಸರ್, ಸಹಿ ಇಲ್ಲ ಅಂದೆ. ಅರ್ಧ ಗಂಟೆ ಕೂಗಾಡ್ದ ಮಿಸ್. ಅಷ್ಟೊತ್ತಿಗೆ ಆಯಾನ ಅವರ ಮನೆಗೆ ಕಳಿಸಿ ತಾಯೀನ ಕರೆಸಿದ್ದೆ. ಅವರು ಬಂದು ಬಾಗಿಲಲ್ಲಿ ನಿಂತ್ರು. ಮಗಳು ಕ್ಲಾಸಿಂದ ಆಚೆ ಬರಲೇ ಇಲ್ಲ. ಅಪ್ಪ, ಅಕ್ಕನ ಮಗ ಇಬ್ಬರೂ ಹೊರಟುಹೋದ್ರು."

ಆಮೇಲೆ ದನಿ ತಗ್ಗಿಸಿ, "ಕೈ ನಡುಗ್ತಿತ್ತು ಮಿಸ್," ಎಂದಳು.

"ನಡುಗಲಿ ಬಿಡು," ಎಂದೆ. "ನಡುಗೋ ಕೈಯಲ್ಲೂ ಟಿ.ಸಿ. ಕೊಡಲಿಲ್ಲವಲ್ಲ."